ಹೊರಗೆ ಮೂರು ಚುಕ್ಕಿ ಗಾಯ, ಒಳಗೆ ಮೂರು ತಿಂಗಳ ರಿಪೇರಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಅಂಕಣ ಪೂರ್ತಿ ಸೊಂಟದ ಕೀಲಿನ ಆರ್ಥ್ರೋಸ್ಕೋಪಿಗೆ, ಅಂದರೆ ಜನ ‘ಕೀಹೋಲ್ ಆಪರೇಷನ್’ ಅನ್ನುವುದಕ್ಕೆ ಮೀಸಲು. ಆಸ್ಪತ್ರೆಯಲ್ಲಿ ಒಂದೋ ಎರಡೋ ರಾತ್ರಿ, ಉಳಿದದ್ದೆಲ್ಲ ಮನೆಯಲ್ಲೇ. ಉತ್ತರಿಸಿದವರು ಮೂಳೆ ಶಸ್ತ್ರವೈದ್ಯರು ಮತ್ತು ಫಿಸಿಯೋಥೆರಪಿಸ್ಟರು. ಇಲ್ಲಿರುವ ದಿನ, ವಾರಗಳು ಸಾಮಾನ್ಯ ಲೆಕ್ಕ. ನಿಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಬೇರೆ ಬರೆದಿದ್ದರೆ ಚೀಟಿಯದ್ದೇ ಸರಿ. ಒಳಗೆ ಏನೇನು ಮಾಡಿದ್ದಾರೆ ಎಂಬುದು ಆಪರೇಷನ್ ಮಾಡಿದವರಿಗೆ ಮಾತ್ರ ಗೊತ್ತು.

ಪ್ರಶ್ನೆ: 27 ವರ್ಷದ ಮಗನಿಗೆ ಎಡ ಸೊಂಟದ ಆಪರೇಷನ್ ಆಗಿ ಐದು ದಿನ. ಚೀಟಿಯಲ್ಲಿ ‘ಲೇಬ್ರಲ್ ರಿಪೇರಿ, ಕ್ಯಾಮ್ ಆಸ್ಟಿಯೋಪ್ಲಾಸ್ಟಿ’ ಎಂದಿದೆ. ನೋಡಿದರೆ ಉಗುರಗಲದ ಮೂರು ಗಾಯ. ಇಷ್ಟಕ್ಕೆ ನಾಲ್ಕು ವಾರ ಊರುಗೋಲು ಬೇಕೇ? ನೆಂಟರಲ್ಲಿ ಒಬ್ಬರು ಮೂರು ತಿಂಗಳು ಮಂಚ ಇಳಿಯಬಾರದು ಅನ್ನುತ್ತಾರೆ, ಇನ್ನೊಬ್ಬರು ನಾಳೆಯಿಂದಲೇ ನಡೆಸಿ ಅನ್ನುತ್ತಾರೆ. — ಒಬ್ಬ ತಂದೆ, ದಾವಣಗೆರೆ

ಉತ್ತರ: ಇಬ್ಬರ ಮಾತನ್ನೂ ಬಿಡಿ. ಸೊಂಟದ ಕೀಲು ಎಂದರೆ ಒಂದು ಬಟ್ಟಲು, ಅದರೊಳಗೆ ತೊಡೆಮೂಳೆಯ ಗುಂಡು. ಬಟ್ಟಲಿನ ಅಂಚಿಗೆ ಕುಕ್ಕರಿನ ಗ್ಯಾಸ್ಕೆಟ್‌ನಂತೆ ಕೂತಿರುವುದೇ ಲೇಬ್ರಮ್. ಗುಂಡು ಕತ್ತಿಗೆ ಸೇರುವಲ್ಲಿ ಮೂಳೆ ಉಬ್ಬಿದ್ದರೆ ಅದು ಕ್ಯಾಮ್. ಕಾಲು ಮಡಚಿದಾಗಲೆಲ್ಲ ಆ ಉಬ್ಬು ಗ್ಯಾಸ್ಕೆಟ್ಟನ್ನು ಜಜ್ಜಿ ಜಜ್ಜಿ ಹರಿದುಹಾಕುತ್ತದೆ. ನಿಮ್ಮ ಮಗನಿಗೆ ಹರಿದದ್ದನ್ನು ಪುಟ್ಟ ಮೊಳೆಯಂಥ ಆಂಕರ್‌ಗಳಿಂದ ಅಂಚಿಗೆ ಬಿಗಿದಿದ್ದಾರೆ, ಉಬ್ಬನ್ನು ಉಜ್ಜಿ ತೆಗೆದಿದ್ದಾರೆ. ಒಳಹೋಗಲು ಕೀಲಿನ ಸುತ್ತಲ ದಪ್ಪ ಚೀಲವನ್ನು ಕೊಯ್ದು ಸಾಮಾನ್ಯವಾಗಿ ಮತ್ತೆ ಹೊಲಿದೂ ಇರುತ್ತಾರೆ.

ಚರ್ಮ ಎರಡು ವಾರದೊಳಗೆ ಕೂಡಿಕೊಳ್ಳುತ್ತದೆ. ಲೇಬ್ರಮ್ಮಿಗೆ ರಕ್ತದ ಹರಿವು ಕಡಿಮೆ, ಹಾಗಾಗಿ ಅದು ಮೂಳೆಗೆ ಕಚ್ಚಿಕೊಳ್ಳಲು 6ರಿಂದ 12 ವಾರ ಬೇಕು. ಉಜ್ಜಿದ ಮೂಳೆಯೂ ಮೊದಲ ಆರು ವಾರ ಎಂದಿನಷ್ಟು ಗಟ್ಟಿಯಿರದು. ಆಗ ಜಾರಿ ಬಿದ್ದರೆ, ಅಥವಾ ಪೂರ್ತಿ ಭಾರ ಹಾಕಿ ಓಡಾಡಿದರೆ, ತೊಡೆಮೂಳೆಯ ಕತ್ತು ಬಿರುಕು ಬಿಡುವುದುಂಟು. ಅಪರೂಪ, ಆದರೆ ಆದಾಗ ಮೊದಲ ಆಪರೇಷನ್ನಿಗಿಂತ ದೊಡ್ಡ ಆಪರೇಷನ್ ಬೇಕಾಗುತ್ತದೆ. ಊರುಗೋಲು ಕೊಟ್ಟಿರುವುದು ನೋವಿಗಲ್ಲ, ಇದಕ್ಕೆ. ನೋವಿಲ್ಲ ಎಂದು ಅದನ್ನು ಮೂಲೆಗಿಡುವುದು ಲೆಕ್ಕ ತಪ್ಪಿದಂತೆ.

ಬರೀ ಹರಿದ ಚೂರನ್ನು ಕತ್ತರಿಸಿದ್ದರೆ ಒಂದೆರಡು ವಾರ ಸಾಕು. ಹೊಲಿಗೆ ಹಾಕಿ ಮೂಳೆಯನ್ನೂ ಉಜ್ಜಿದ್ದರೆ ಎರಡರಿಂದ ನಾಲ್ಕು ವಾರ, ಕೆಲವರು ಆರು ಅನ್ನುತ್ತಾರೆ. ಚೀಟಿಯಲ್ಲಿ ‘ಮೈಕ್ರೋಫ್ರಾಕ್ಚರ್’ ಎಂಬ ಪದವಿದ್ದರೆ ಆರರಿಂದ ಎಂಟು ವಾರ: ಅಲ್ಲಿ ಮೃದ್ವಸ್ಥಿ ಸವೆದ ಜಾಗದಲ್ಲಿ ಸಣ್ಣ ತೂತು ಕೊರೆದು ಹೊಸ ಪದರ ಬೆಳೆಯಲು ಬಿಟ್ಟಿರುತ್ತಾರೆ, ಭಾರ ಬಿದ್ದರೆ ಆ ಎಳೆ ಪದರ ಕಿತ್ತುಬರುತ್ತದೆ.

ಮಂಚ ಹಿಡಿಯುವ ಸಲಹೆಯಂತೂ ಬೇಡವೇ ಬೇಡ. ಅಲುಗಾಡದ ಕೀಲಿನಲ್ಲಿ ಚೀಲ ಹೋಗಿ ಲೇಬ್ರಮ್ಮಿಗೆ ಅಂಟಿಕೊಳ್ಳುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ.

ಪ್ರಶ್ನೆ: ‘ಪಾದ ಊರಿ, ಹತ್ತು ಕಿಲೋ ಮಾತ್ರ ಭಾರ ಹಾಕಿ’ ಎಂದು ಹೇಳಿ ಕಳಿಸಿದ್ದಾರೆ. ಹತ್ತು ಕಿಲೋ ಎಂದರೆ ಎಷ್ಟು ಅಂತ ಕಾಲಿಗೆ ಹೇಗೆ ತಿಳಿಯುತ್ತದೆ? ಕಾಲನ್ನು ಎತ್ತಿ ಹಿಡಿದು ಕುಂಟುವುದೇ ಸುರಕ್ಷಿತ ಅಲ್ಲವೇ? — ಗೃಹಿಣಿ, ಹಾಸನ

ಉತ್ತರ: ಅಲ್ಲ. ಮನೆಯಲ್ಲಿ ಆಗುವ ತಪ್ಪುಗಳಲ್ಲಿ ಇದೇ ಮೊದಲನೆಯದು. ಕಾಲನ್ನು ನೆಲದಿಂದ ಎತ್ತಿ ಹಿಡಿಯುವ ಸ್ನಾಯು ತೊಡೆಸಂದಿನ ಮುಂದೆಯೇ ಇದೆ, ಹೆಸರು ಇಲಿಯೋಸೋವಸ್. ಅದರ ಹಗ್ಗದಂಥ ತುದಿ ಆಪರೇಷನ್ ಆದ ಜಾಗದ ಮೇಲೇ ಹಾದುಹೋಗುತ್ತದೆ. ದಿನವಿಡೀ ಕಾಲು ಜೋತಾಡಿಸಿಕೊಂಡು ನಡೆದರೆ ಆ ಸ್ನಾಯುವಿಗೆ ಒಂದು ನಿಮಿಷವೂ ಬಿಡುವಿಲ್ಲ. ಕೀಲಿನೊಳಗೂ ಒತ್ತಡ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಆದ್ದರಿಂದ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಹಿಮ್ಮಡಿ ಮೊದಲು, ಆಮೇಲೆ ಬೆರಳು, ಮಾಮೂಲು ನಡಿಗೆಯ ಹಾಗೇ. ಭಾರ ಮಾತ್ರ ಕೈಗಳ ಮೇಲೆ.

ಹತ್ತು ಕಿಲೋ ಕಲಿಯಲು ತೂಕದ ಯಂತ್ರವೇ ಗುರು. ಬಾತ್‌ರೂಮ್ ತೂಕದ ಯಂತ್ರ ಒಂದು ಕಡೆ, ಅಷ್ಟೇ ಎತ್ತರದ ಹಲಗೆ ಇನ್ನೊಂದು ಕಡೆ ಇಡಿ. ಒಳ್ಳೆಯ ಕಾಲು ಹಲಗೆ ಮೇಲೆ, ಆಪರೇಷನ್ ಕಾಲು ಯಂತ್ರದ ಮೇಲೆ, ಎರಡೂ ಕೈ ಊರುಗೋಲಿಗೆ. ಮುಳ್ಳು 10 ತೋರುವವರೆಗೆ ಮೆಲ್ಲಗೆ ಒತ್ತಿ, ಕಣ್ಣು ಮುಚ್ಚಿ, ಆ ಒತ್ತಡ ನೆನಪಿಟ್ಟುಕೊಳ್ಳಿ. ಬೆಳಿಗ್ಗೆ ಸಂಜೆ ಐದಾರು ಸಲ ಮಾಡಿದರೆ ಎರಡು ದಿನದಲ್ಲಿ ಕಾಲಿಗೆ ಅಂದಾಜು ಸಿಗುತ್ತದೆ. ಮೊಟ್ಟೆ ಒಡೆಯದಂತೆ ಅದರ ಮೇಲೆ ಕಾಲಿಡುವ ಹಾಗೆ ಅನ್ನುವುದು ರೂಢಿ, ಆದರೆ ಯಂತ್ರ ಮೊಟ್ಟೆಗಿಂತ ನಂಬಿಕಸ್ತ.

ಊರುಗೋಲಿನ ಅಳತೆಯನ್ನೂ ನೋಡಿ. ನೇರ ನಿಂತಾಗ ಕಂಕುಳಿಗೂ ಗೋಲಿನ ಮೇಲ್ತುದಿಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು, ಹಿಡಿಯಲ್ಲಿ ಕೈ ಇಟ್ಟಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಕಂಕುಳು ಊರಿ ನೇತಾಡಿದರೆ ಅಲ್ಲಿಯ ನರ ಒತ್ತಿ ಮುಂಗೈ ಸೋಲುತ್ತದೆ. ಕೆಳಗಿನ ರಬ್ಬರ್ ಬುಡ ಸವೆದಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಮೊದಲು ಬದಲಿಸಿ. ಒದ್ದೆ ರೆಡ್ ಆಕ್ಸೈಡ್ ನೆಲ, ಪಾಲಿಶ್ ಗ್ರಾನೈಟ್, ಬಾಗಿಲ ಮುಂದಿನ ಸಡಿಲ ಮ್ಯಾಟ್ ಮೂರನ್ನೂ ಶತ್ರು ಎಂದೇ ತಿಳಿಯಿರಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಕಾಲು ಮುಂದೆ. ಊರುಗೋಲು ಯಾವಾಗಲೂ ಆಪರೇಷನ್ ಕಾಲಿನ ಜೊತೆಗೆ.

ಪ್ರಶ್ನೆ: ಆಪರೇಷನ್ ಆದ ಮರುದಿನವೇ ಮನೆಗೆ ಬಂದೆವು. ರಾತ್ರಿ ಬ್ಯಾಂಡೇಜ್ ನೆನೆದು ಹಾಸಿಗೆಯವರೆಗೆ ಗುಲಾಬಿ ಬಣ್ಣದ ನೀರು. ತೊಡೆ ಊದಿದೆ, ಪಾದದ ಮೇಲ್ಭಾಗ ಜೋಮು. ಹೇಳಲು ಸಂಕೋಚ, ಗುಪ್ತಾಂಗದ ಹತ್ತಿರವೂ ಸ್ಪರ್ಶ ಗೊತ್ತಾಗುತ್ತಿಲ್ಲ ಎಂದು ಯಜಮಾನರು ಅನ್ನುತ್ತಾರೆ. — ಕುಂದಾಪುರ

ಉತ್ತರ: ಸಂಕೋಚ ಬೇಡ, ಬೇಕಾದಷ್ಟು ಜನಕ್ಕೆ ಆಗುವಂಥದ್ದೇ. ಕೀಲಿನೊಳಗೆ ಕ್ಯಾಮೆರಾ ಕಾಣಲು ಲೀಟರ್‌ಗಟ್ಟಲೆ ಸಲೈನ್ ಹರಿಸುತ್ತಾರೆ. ಒಂದಿಷ್ಟು ತೊಡೆಯಲ್ಲಿ ಉಳಿದು ಒಂದೆರಡು ದಿನ ತೂತುಗಳಿಂದ ಸೋರುತ್ತದೆ. ರಕ್ತ ಬೆರೆತ ನೀರಾದ್ದರಿಂದ ಇರುವುದಕ್ಕಿಂತ ಹೆಚ್ಚು ಕಂಡು ಭಯ ಹುಟ್ಟಿಸುತ್ತದೆ. ಮೇಲೆ ಶುದ್ಧ ಪ್ಯಾಡ್ ಇಟ್ಟು ಕಟ್ಟಿ. 48 ಗಂಟೆ ದಾಟಿಯೂ ಸೋರಿದರೆ, ಅಥವಾ ಗಟ್ಟಿ ಕೆಂಪು ರಕ್ತ ಬಂದರೆ, ಫೋನ್ ಮಾಡಿ.

ಜೋಮಿಗೆ ಕಾರಣ ಎಳೆತ. ಗುಂಡನ್ನು ಬಟ್ಟಲಿನಿಂದ ಸುಮಾರು ಒಂದು ಸೆಂಟಿಮೀಟರ್ ಹೊರಗೆಳೆದರೇನೇ ಉಪಕರಣ ಒಳಹೋಗುವುದು. ಅದಕ್ಕಾಗಿ ಪಾದಕ್ಕೆ ಬೂಟು ತೊಡಿಸಿ ಎಳೆಯುತ್ತಾರೆ, ದೇಹ ಜಾರದಂತೆ ತೊಡೆಗಳ ನಡುವೆ ಮೆತ್ತೆಯ ಕಂಬ ನಿಲ್ಲಿಸುತ್ತಾರೆ. ಬೂಟು ಒತ್ತಿದ ಪಾದ, ಕಂಬ ಒತ್ತಿದ ಗುಪ್ತಾಂಗದ ನರ, ಎರಡೂ ಬಹುಮಟ್ಟಿಗೆ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಸರಿಹೋಗುತ್ತವೆ. ತೊಡೆಯ ಹೊರಮಗ್ಗುಲಿನ ಜೋಮು ತಿಂಗಳುಗಟ್ಟಲೆ ಉಳಿಯಬಹುದು, ಕೆಲವರಿಗೆ ಒಂದು ಅಂಗೈ ಅಗಲ ಶಾಶ್ವತವಾಗಿಯೂ. ಅದರಿಂದ ನಡಿಗೆಯ ಬಲ ಕುಗ್ಗುವುದಿಲ್ಲ. ಮೂತ್ರ ಕಟ್ಟಿದರೆ, ಪಾದ ಮೇಲೆತ್ತಲು ಬಾರದಿದ್ದರೆ ಅದು ಬೇರೆ ಮಾತು, ಅಂದೇ ತೋರಿಸಿ.

ಕಾಯಲೇಬಾರದ ಲಕ್ಷಣಗಳನ್ನೂ ಇಲ್ಲೇ ಹೇಳಿಬಿಡುತ್ತೇವೆ. ಮೀನಖಂಡ ಊದಿ, ಮುಟ್ಟಿದರೆ ನೋವು. 101 ಡಿಗ್ರಿ ದಾಟಿದ ಜ್ವರದ ಜೊತೆ ಚಳಿ, ಗಾಯದಿಂದ ಕೀವು. ಬಿದ್ದ ಮೇಲೆ, ಅಥವಾ ‘ಟಕ್’ ಎಂದ ಮೇಲೆ, ತೊಡೆಸಂದಿನಲ್ಲಿ ತೀವ್ರ ನೋವಾಗಿ ಕಾಲೂರಲು ಆಗದಿರುವುದು. ಮೊದಲ ದಿನ ಹೊಟ್ಟೆ ಬಿಗಿದು ಉಬ್ಬುವುದು, ಸಲೈನ್ ಹೊಟ್ಟೆಗೆ ನುಗ್ಗಿದರೆ ಹಾಗಾಗುತ್ತದೆ, ತೀರಾ ವಿರಳ. ಇವಕ್ಕೆ ಅಂದೇ ಆಸ್ಪತ್ರೆ. ಹಠಾತ್ ಉಬ್ಬಸ, ಎದೆನೋವು ಬಂದರೆ ಕಾರು ಹುಡುಕುತ್ತ ಕೂರದೆ 108ಕ್ಕೆ ಕರೆ.

ಪ್ರಶ್ನೆ: ನಮ್ಮದು ಹಳೆ ತೊಟ್ಟಿಮನೆ. ಕೂತು ಹೋಗುವ ಪಾಯಿಖಾನೆ, ಊಟ ನೆಲದ ಮೇಲೆ, ಮಲಗುವುದು ಚಾಪೆ ಮೇಲೆ. ಅಕ್ಕನ ಆಪರೇಷನ್ ಮುಂದಿನ ತಿಂಗಳು. ಏನೇನು ಸಜ್ಜು ಮಾಡಬೇಕು? — ಹೊಸನಗರ

ಉತ್ತರ: ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಎಲ್ಲ ಸಜ್ಜಿಗೂ ಒಂದೇ ಅಳತೆಗೋಲು: ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಹೋಗಕೂಡದು. ಮೊದಲ ಎರಡು ಮೂರು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬಾರದು. ಕುಕ್ಕರಗಾಲಲ್ಲಿ ಕೂತರೆ ಅದು 120 ದಾಟುತ್ತದೆ, ಹೊಲಿದ ಲೇಬ್ರಮ್ ಸರಿಯಾಗಿ ಆ ಭಂಗಿಯಲ್ಲೇ ಅಮುಕುವುದು.

ಪಾಯಿಖಾನೆಗೆ ಮಡಚುವ ಕಮೋಡ್ ಕುರ್ಚಿ ತನ್ನಿ, ನಡುವೆ ತೂತಿರುವುದು, ಕಾಲಿನ ಎತ್ತರ ಏರಿಸಿಳಿಸಲು ಬರುವಂಥದ್ದು. ಬಾಡಿಗೆಗೂ ಸಿಗುತ್ತದೆ. ಸೀಟು 18ರಿಂದ 20 ಇಂಚಿಗೆ ನಿಲ್ಲಿಸಿ. ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಮಾಡುವ ಜುಗಾಡ್ ಬೇಡ, ನುಣುಪು ನೆಲದಲ್ಲಿ ಅದರ ಕಾಲು ಹಿಸಿಯುತ್ತದೆ. ಮಂಚವೂ ಅದೇ ಎತ್ತರ. ತಗ್ಗಾದರೆ ಕಾಲಿಗೆ ಇಟ್ಟಿಗೆಯಲ್ಲ, ಮರದ ದಿಮ್ಮಿಗೆ ಕುಳಿ ಕೊರೆಸಿ ಕೊಡಿ. ಸ್ನಾನಕ್ಕೆ ಎತ್ತರದ ಸ್ಟೂಲು, ಕೈಗೆ ಎಟಕುವ ಮಟ್ಟದಲ್ಲಿ ಬಕೆಟ್. ತೊಟ್ಟಿಮನೆಯ ಹೊಸಿಲು ಎತ್ತರವಿರುತ್ತದೆ, ಅದನ್ನು ಮೆಟ್ಟಿಲೆಂದೇ ಭಾವಿಸಿ ದಾಟುವುದನ್ನು ಆಪರೇಷನ್ನಿಗೆ ಮೊದಲೇ ಅಭ್ಯಾಸ ಮಾಡಿಸಿ. ಊರುಗೋಲು ಹಿಡಿದವರ ಕೈಯಲ್ಲಿ ಕಾಫಿ ಲೋಟ ನಿಲ್ಲದು. ಕುತ್ತಿಗೆಗೆ ಹಾಕುವ ಬಟ್ಟೆ ಚೀಲ, ಮುಚ್ಚಳದ ಸ್ಟೀಲ್ ಬಾಟಲಿ ಇದ್ದರೆ ಅರ್ಧ ಪರದಾಟ ತಪ್ಪುತ್ತದೆ.

ಮಂಚ ಹತ್ತುವಾಗ ಆಪರೇಷನ್ ಕಾಲನ್ನು ಅದರ ಬಲದಿಂದಲೇ ಎತ್ತಕೂಡದು. ಪಂಚೆಯನ್ನು ಉದ್ದಕ್ಕೆ ಮಡಚಿ ಪಾದದಡಿ ಹಾಯಿಸಿ ಕೈಯಲ್ಲಿ ಎಳೆದುಕೊಳ್ಳಲಿ, ಅಥವಾ ಒಳ್ಳೆಯ ಕಾಲಿನ ಪಾದವನ್ನು ಇನ್ನೊಂದರ ಹಿಮ್ಮಡಿ ಕೆಳಗೆ ಸೇರಿಸಿ ಎತ್ತಲಿ. ಅಂಗಾತ ಮಲಗಿದಾಗ ಪಾದ ಹೊರಕ್ಕೆ ವಾಲದಂತೆ ತೊಡೆಯ ಹೊರಬದಿಗೆ ಟವೆಲ್ ಸುರುಳಿ ಇಡಿ. ಒಳ್ಳೆಯ ಮಗ್ಗುಲಿಗೆ ಮಲಗುವುದಾದರೆ ಮಂಡಿಯಿಂದ ಹರಡಿನವರೆಗೂ ದಿಂಬು. ಸಲ್ವಾರ್ ಹಾಕುವಾಗ ಆಪರೇಷನ್ ಕಾಲು ಮೊದಲು, ತೆಗೆಯುವಾಗ ಕೊನೆಗೆ. ಸುಮ್ಮನೆ ನೈಟಿಯೇ ವಾಸಿ.

ಪ್ರಶ್ನೆ: ನಮ್ಮೂರಲ್ಲಿ ಫಿಸಿಯೋ ಇಲ್ಲ. ವಾರಕ್ಕೊಮ್ಮೆ ಕಲಬುರಗಿಗೆ ಹೋಗಬಹುದು ಅಷ್ಟೇ. ಮನೆಯವರೇ ಏನು ಮಾಡಿಸಬಹುದು? — ಚಿತ್ತಾಪುರ ತಾಲ್ಲೂಕು

ಉತ್ತರ: ಮೊದಲ ಮೂರು ವಾರದ ಕೆಲಸ ಹೆಚ್ಚಿನದು ಮನೆಯಲ್ಲೇ ಆಗುವಂಥದ್ದು. ಮುಖ್ಯವಾದದ್ದು ಕಾಲು ತಿರುಗಿಸುವುದು. ರೋಗಿ ಅಂಗಾತ ಮಲಗಿರಲಿ. ನೀವು ಒಂದು ಕೈ ಮಂಡಿಯಡಿ, ಇನ್ನೊಂದು ಹಿಮ್ಮಡಿಯಡಿ ಹಿಡಿದು, ಸೊಂಟ 70 ಡಿಗ್ರಿಯಷ್ಟು ಮಡಚುವಂತೆ ಎತ್ತಿ. ಮಂಡಿಯಿಂದ ಗಾಳಿಯಲ್ಲಿ ತಟ್ಟೆಯಗಲದ ವೃತ್ತ ಬರೆಯಿರಿ, ಒಂದು ದಿಕ್ಕಿಗೆ ಐದು ನಿಮಿಷ, ಇನ್ನೊಂದು ದಿಕ್ಕಿಗೆ ಐದು ನಿಮಿಷ, ದಿನಕ್ಕೆರಡು ಸಲ. ಬೀಸುವ ಕಲ್ಲು ತಿರುಗಿಸುವ ನಿಧಾನದಲ್ಲಿ. ರೋಗಿ ಕಾಲನ್ನು ಪೂರ್ತಿ ನಿಮ್ಮ ಕೈಗೆ ಬಿಟ್ಟಿರಬೇಕು. ಸಹಾಯ ಮಾಡುತ್ತೇನೆಂದು ತಾವೇ ಎತ್ತತೊಡಗಿದರೆ ಕೈಗೆ ತಟ್ಟನೆ ಹಗುರ ಅನಿಸುತ್ತದೆ, ನಿಲ್ಲಿಸಿ ಮತ್ತೆ ಸಡಿಲಿಸಲು ಹೇಳಿ. ಚೀಲ ಅಂಟಿಕೊಳ್ಳದಂತೆ ತಡೆಯುವುದೇ ಇದರ ಉದ್ದೇಶ. ಒಂದು ದಿನ ಅರ್ಧ ಗಂಟೆ ಮಾಡಿ ಮೂರು ದಿನ ಬಿಟ್ಟರೆ ಉಪಯೋಗವಿಲ್ಲ.

ಎರಡನೆಯದು ಬೋರಲು ಮಲಗುವುದು. ಕೂತು ಕೂತು ತೊಡೆಸಂದು ಮುಂದೆ ಬಿಗಿಯುತ್ತದೆ, ಆಮೇಲೆ ನೇರ ನಿಲ್ಲಲಾಗದೆ ಬಾಗಿ ನಡೆಯುತ್ತಾರೆ. ಹೊಟ್ಟೆ ಮೇಲೆ 15–20 ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ. ಮಗ್ಗುಲು ಬದಲಿಸುವಾಗ ಒಳ್ಳೆಯ ಕಾಲಿನ ಕಡೆಯಿಂದ ಹೊರಳಬೇಕು, ಕಾಲುಗಳ ನಡುವೆ ದಿಂಬು ಇರಲಿ.

ಉಳಿದದ್ದು ಸುಲಭ. ಎಚ್ಚರವಿರುವಾಗ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ 20 ಸಲ. ಮಂಡಿ ನೆಲಕ್ಕೊತ್ತಿ ತೊಡೆ ಬಿಗಿಹಿಡಿಯುವುದು, ಪೃಷ್ಠ ಬಿಗಿಹಿಡಿಯುವುದು, ತಲಾ ಐದು ಸೆಕೆಂಡು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕಸರತ್ತಿನ ಸೈಕಲ್ ಇದ್ದರೆ ಸೀಟು ಎತ್ತರಿಸಿ, ಭಾರ ಸೊನ್ನೆ ಇಟ್ಟು ಹದಿನೈದು ನಿಮಿಷ. ಕಾಲು ತಾನಾಗಿ ಸುತ್ತಿದರೆ ಸಾಕು, ಒಳ್ಳೆಯ ಕಾಲೇ ತುಳಿಯಲಿ. ಐಸನ್ನು ಟವೆಲ್‌ನಲ್ಲಿ ಸುತ್ತಿ ಒಂದು ಸಲಕ್ಕೆ 15–20 ನಿಮಿಷ, ದಿನಕ್ಕೆ ನಾಲ್ಕೈದು ಬಾರಿ. ಜೋಮಿರುವ ಕಡೆ ನೇರ ಐಸ್ ಇಟ್ಟರೆ ಚರ್ಮ ಸುಟ್ಟರೂ ತಿಳಿಯುವುದಿಲ್ಲ.

ಮಾಡಬಾರದ್ದು ಒಂದಿದೆ. ಮೊಣಕಾಲು ನೆಟ್ಟಗಿಟ್ಟು ಇಡೀ ಕಾಲನ್ನು ಮೇಲೆತ್ತುವ ವ್ಯಾಯಾಮ. ಮಂಡಿನೋವಿಗೆ ಎಲ್ಲರೂ ಹೇಳಿಕೊಡುವುದು ಅದನ್ನೇ, ಮೊಬೈಲ್ ವಿಡಿಯೋಗಳಲ್ಲೂ ಅದೇ. ಈ ಆಪರೇಷನ್ ಆದವರಿಗೆ ಮೊದಲ ನಾಲ್ಕಾರು ವಾರ ಅದು ನಿಷಿದ್ಧ.

ಪ್ರಶ್ನೆ: ನ್ಯಾಪ್ರಾಕ್ಸೆನ್, ಆಸ್ಪಿರಿನ್, ಗ್ಯಾಸ್ ಮಾತ್ರೆ ಮೂರೂ ಬರೆದಿದ್ದಾರೆ. ನೋವು ಅಷ್ಟಿಲ್ಲ, ‘ಹೀಟ್’ ಆಗುತ್ತದೆಂದು ನಿಲ್ಲಿಸಬಹುದೇ? — ಮೈಸೂರು

ಉತ್ತರ: ಕೇಳದೆ ನಿಲ್ಲಿಸಬೇಡಿ. ನ್ಯಾಪ್ರಾಕ್ಸೆನ್ ಬರೀ ನೋವಿಗಲ್ಲ. ಮೂಳೆ ಉಜ್ಜಿದಾಗ ಬಿದ್ದ ಪುಡಿಯಿಂದ ಸ್ನಾಯುವಿನೊಳಗೆ ಬೇಡದ ಮೂಳೆ ಬೆಳೆಯುವುದುಂಟು. ಅದನ್ನು ತಡೆಯಲು ಸುಮಾರು ಮೂರು ವಾರ ಕೊಡುತ್ತಾರೆ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಿರಲು. ಎರಡೂ ಹೊಟ್ಟೆಯ ಒಳಪದರ ಕೆಣಕುವುದರಿಂದ ಮೂರನೆಯದು. ಊಟವಾದ ಮೇಲೆ ತೆಗೆದುಕೊಳ್ಳಿ. ಅಂಗಡಿಯಲ್ಲಿ ಕೇಳಿ ಇನ್ನೊಂದು ನೋವಿನ ಮಾತ್ರೆ ಸೇರಿಸಬೇಡಿ. ಕಿಡ್ನಿ ತೊಂದರೆ, ಅಲ್ಸರ್, ಉಬ್ಬಸ ಇದ್ದು ಆಸ್ಪತ್ರೆಯಲ್ಲಿ ಹೇಳಲು ಮರೆತಿದ್ದರೆ ಈಗಲೇ ಫೋನ್ ಮಾಡಿ. ಮಲ ಕಪ್ಪಗಾದರೆ ನಿಲ್ಲಿಸಿ ತಕ್ಷಣ ತೋರಿಸಿ. ಟ್ರಮಡಾಲ್ ಎಂಬ ಬಲವಾದ ನೋವಿನ ಮಾತ್ರೆ ಇದ್ದರೆ ಮಲಬದ್ಧತೆ ಖಾತ್ರಿ: ನೀರು, ಸೊಪ್ಪು, ರಾತ್ರಿ ಇಸಬ್ಗೋಲು.

ಪ್ರಶ್ನೆ: ಬದನೆ, ಕಡಲೆಕಾಯಿ, ಮೀನು ನಂಜು ಎಂದು ಅತ್ತೆ ಕೊಡುವುದಿಲ್ಲ. ಎಣ್ಣೆ ಹಚ್ಚಿ ನೀವಿಸಿದರೆ ಬೇಗ ವಾಸಿ ಅಂತಲೂ ಹೇಳುತ್ತಾರೆ. — ಮಂಡ್ಯ

ಉತ್ತರ: ನಿಮಗೇ ಅಲರ್ಜಿ ಇದ್ದರೆ ಹೊರತು ಇವು ಯಾವುವೂ ನಂಜಲ್ಲ. ಗಾಯ ಕೂಡಲು ಪ್ರೋಟೀನ್ ಬೇಕು, ಮೀನು ಮೊಟ್ಟೆ ಕಾಳು ನಿಲ್ಲಿಸಿದರೆ ನಷ್ಟವೇ. ರಾಗಿ ಮುದ್ದೆ ಉಪ್ಸಾರು ಧಾರಾಳವಾಗಿ ಉಣ್ಣಿ. ಸಕ್ಕರೆ ಕಾಯಿಲೆ ಇದ್ದರೆ ಮುದ್ದೆಯ ಗಾತ್ರದ ಮೇಲೆ ಕಣ್ಣಿಡಿ, ಸಕ್ಕರೆ ಹೆಚ್ಚಿದರೆ ಹೊಲಿಗೆ ಕೀವಾಗುತ್ತದೆ.

ನೀವಿಸುವುದು ಮಾತ್ರ ಖಂಡಿತ ಬೇಡ. ಮೀನಖಂಡದಲ್ಲಿ ಹೆಪ್ಪು ಇದ್ದರೆ ಉಜ್ಜಿದಾಗ ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಮೂಳೆ ಕಟ್ಟುವವರು ಕಾಲನ್ನು ಎಳೆದು ತಿರುಚಿದರೆ ಆಂಕರ್ ಕಿತ್ತುಬರುತ್ತದೆ. ಎಣ್ಣೆ ಗಾಯದ ತೂತುಗಳಿಗೆ ತಾಗಬಾರದು. ಹೊಲಿಗೆ ಬಿಚ್ಚಿ, ಹಕ್ಕಳೆ ಉದುರಿದ ಮೇಲೆ ಆ ಕಲೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿನಿಂದ ತೀಡಿದರೆ ತಪ್ಪಿಲ್ಲ. ಮೈಮೇಲೆ ನೀರು ಹುಯ್ದುಕೊಳ್ಳುವ ಸ್ನಾನ ಮೂರನೇ ದಿನದಿಂದ, ವಾಟರ್‌ಪ್ರೂಫ್ ಪಟ್ಟಿ ಅಂಟಿಸಿ. ಕೆರೆ, ಹೊಳೆ, ಈಜುಕೊಳ ನಾಲ್ಕು ವಾರ ಬೇಡ.

ಪ್ರಶ್ನೆ: ಮೂರನೇ ವಾರದವರೆಗೆ ಎಲ್ಲ ಚೆನ್ನಾಗಿತ್ತು. ಒಂದು ಊರುಗೋಲಿಗೆ ಬಂದೆ, ಲ್ಯಾಪ್‌ಟಾಪ್ ಹಿಡಿದು ಮನೆಯಿಂದಲೇ ಕೆಲಸವನ್ನೂ ಶುರುಮಾಡಿದೆ. ಈಗ ನಾಲ್ಕನೇ ವಾರ, ತೊಡೆಸಂದಿನ ಮುಂದೆ ಚುಚ್ಚುವ ನೋವು. ಹೊಲಿಗೆ ಕಿತ್ತಿತೇ? — ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಬೀಳದೆ, ತಿರುಚದೆ ಬಂದ ನೋವಾದರೆ ಹೊಲಿಗೆ ಕಿತ್ತಿರುವ ಸಂಭವ ಕಡಿಮೆ. ನೀವು ಬರೆದ ಸಾಲಿನಲ್ಲೇ ಕಾರಣವಿದೆ. ದಿನಕ್ಕೆ ಎಂಟು ಗಂಟೆ ಕೂತರೆ ಇಲಿಯೋಸೋವಸ್ ಮಡಚಿಯೇ ಇರುತ್ತದೆ, ಎದ್ದು ನಡೆದಾಗ ಬಿಗಿದ ಹಗ್ಗ ಕೀಲಿನ ಮುಂಭಾಗವನ್ನು ಉಜ್ಜುತ್ತದೆ. ಪೃಷ್ಠದ ಸ್ನಾಯು ಇನ್ನೂ ನಿದ್ದೆಯಲ್ಲಿರುವುದರಿಂದ ಅದರ ಕೆಲಸವನ್ನೂ ಇದೇ ಮಾಡುತ್ತಿದೆ. ಒಂದು ಊರುಗೋಲನ್ನು ಯಾವ ಕೈಯಲ್ಲಿ ಹಿಡಿದಿದ್ದೀರಿ? ಆಪರೇಷನ್ ಆದ ಕಡೆಯ ಕೈಯಲ್ಲಾದರೆ ತಪ್ಪು, ಎದುರು ಕೈಯಲ್ಲಿರಬೇಕು.

ಒಂದು ವಾರ ಹಿಂದಕ್ಕೆ ಹೋಗಿ. ಎರಡೂ ಊರುಗೋಲು, ಐಸ್, ಬೋರಲು ಮಲಗುವುದು. ಅರ್ಧ ಗಂಟೆಗೊಮ್ಮೆ ಏಳಬೇಕು, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮೀಟಿಂಗ್‌ಗಳನ್ನು ನಿಂತು ಅಥವಾ ಬೋರಲು ಮಲಗಿ ಮಾಡಿ, ಕ್ಯಾಮೆರಾ ಆಫ್ ಇದ್ದರಾಯಿತು. ಸೋಫಾ ಬೇಡ, ಕುರ್ಚಿಯಲ್ಲಿ ಬೆನ್ನು ಸ್ವಲ್ಪ ಹಿಂದಕ್ಕೆ ವಾಲಿರಲಿ. ಸೊಂಟದ ವ್ಯಾಯಾಮದಲ್ಲಿ ಕಾಲೆತ್ತುವಂಥದ್ದನ್ನೆಲ್ಲ ತೆಗೆದು, ನಿಮ್ಮ ಫಿಸಿಯೋ ಒಪ್ಪಿದರೆ ಮಂಡಿ ಮಡಚಿ ಸೊಂಟ ಎತ್ತುವ ಸೇತುವೆಯಿಂದ ಮತ್ತೆ ಶುರುಮಾಡಿ. ಹತ್ತು ದಿನದಲ್ಲಿ ಇಳಿಯದಿದ್ದರೆ, ಅಥವಾ ರಾತ್ರಿ ನಿದ್ದೆಗೆಡಿಸುವಷ್ಟಾದರೆ, ಎಕ್ಸ್‌ರೇ ಬೇಕು. ಊರುಗೋಲು ಬಿಡಲು ಕ್ಯಾಲೆಂಡರ್ ನೋಡಬೇಡಿ: ವೈದ್ಯರು ಪೂರ್ತಿ ಭಾರಕ್ಕೆ ಒಪ್ಪಿರಬೇಕು, ಕುಂಟದೆ ನಡೆಯಲೂ ಬರಬೇಕು. ಹತ್ತು ಹೆಜ್ಜೆ ವಿಡಿಯೋ ಮಾಡಿಸಿ, ಸೊಂಟ ಒಂದು ಪಕ್ಕ ಕುಸಿಯುತ್ತಿದ್ದರೆ ಇನ್ನೂ ಸಮಯ ಬಂದಿಲ್ಲ.

ಪ್ರಶ್ನೆ: ಬೈಕ್ ಯಾವಾಗ ಓಡಿಸಬಹುದು? — ಹುಬ್ಬಳ್ಳಿ

ಉತ್ತರ: ಕಾರು ಮೊದಲು. ಎಡಗಾಲಿನ ಆಪರೇಷನ್, ಆಟೋಮ್ಯಾಟಿಕ್ ಕಾರು ಆದರೆ ಎರಡು ವಾರದ ನಂತರ. ಬಲಗಾಲಾದರೆ ನಾಲ್ಕರಿಂದ ಆರು ವಾರ. ಎರಡರಲ್ಲೂ ಟ್ರಮಡಾಲ್‌ನಂಥ ಮಾತ್ರೆ ನಿಂತಿರಬೇಕು. ಬೈಕಿಗೆ ಕಾಲು ಅಗಲಿಸಿ ಬೀಸಿ ಹತ್ತಬೇಕು, ಗುಂಡಿಗೆ ಬಿದ್ದಾಗ ಕಾಲೂರಬೇಕು, ಹಳೆಯದಾದರೆ ಕಿಕ್ಕರ್ ಬೇರೆ. ಎಂಟು ವಾರದ ಮೊದಲು ಬೇಡ. ಗೇರ್‌ಲೆಸ್ ಸ್ಕೂಟರಾದರೆ ಸ್ವಲ್ಪ ಬೇಗ, ಆದರೂ ಊರುಗೋಲು ಬಿಟ್ಟ ಮೇಲೆ.

ಪ್ರಶ್ನೆ: ತೆಂಕುತಿಟ್ಟಿನ ಯಕ್ಷಗಾನ ವೇಷಧಾರಿ ನಾನು. ಮೇ ತಿಂಗಳಲ್ಲಿ ಮೇಳದ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ, ಜೂನ್ ಮೊದಲ ವಾರ ಬಲ ಸೊಂಟಕ್ಕೆ ಆರ್ಥ್ರೋಸ್ಕೋಪಿ ಮಾಡಿಸಿಕೊಂಡೆ, ಲೇಬ್ರಮ್ ಹೊಲಿದಿದ್ದಾರೆ. ನವೆಂಬರ್‌ನಲ್ಲಿ ಮೇಳ ಹೊರಡುತ್ತದೆ. ಧಿಂಗಿಣ (ಗಿರಕಿ ಹೊಡೆಯುತ್ತ ನೆಗೆಯುವ ಕುಣಿತ) ಹೊಡೆಯಬಹುದೇ? — ದಕ್ಷಿಣ ಕನ್ನಡ

ಉತ್ತರ: ನಿಮ್ಮ ಕೈಯಲ್ಲಿರುವುದು ಇಪ್ಪತ್ತೆರಡು ವಾರದ ಆಸುಪಾಸು. ರಂಗಕ್ಕೆ ಮರಳಲು ಸಾಕು, ರಾತ್ರಿಯಿಡೀ ಧಿಂಗಿಣ ಹೊಡೆಯಲು ಸಾಲದೆ ಇರಬಹುದು. ಹನ್ನೆರಡು ವಾರದವರೆಗೆ ಬಲ ಕಟ್ಟುವ ಕೆಲಸ ಮಾತ್ರ. ಆಮೇಲೆ ಚೆಂಡೆಯ ನಿಧಾನ ಲಯಕ್ಕೆ ಬರಿಗಾಲಲ್ಲಿ, ವೇಷವಿಲ್ಲದೆ ನೆಲದ ಹೆಜ್ಜೆ. ಹದಿನಾರನೇ ವಾರದ ಸುಮಾರಿಗೆ ಎರಡು ಕಾಲಿನ ಪುಟ್ಟ ನೆಗೆತ, ಅದು ನೋವಿಲ್ಲದೆ ಬಂದರೆ ಒಂಟಿ ಕಾಲಿನದು, ಅದಾದ ಮೇಲೆ ಕಾಲೂರಿ ತಿರುಗುವುದು. ಮಂಡಿ ಹಾಕಿ ಸುತ್ತುವುದಿದ್ದರೆ ಅದು ಕೊಟ್ಟಕೊನೆಗೆ: ಆಗ ಸೊಂಟ ಆಳಕ್ಕೆ ಮಡಚಿ ತಿರುಚುವುದರಿಂದ ಹೊಲಿಗೆಯ ಜಾಗಕ್ಕೆ ಅತಿ ಹೆಚ್ಚು ಒತ್ತಡ ಬೀಳುವುದು ಅಲ್ಲೇ.

ನೆಗೆತಕ್ಕೆ ಮೊದಲು ಎರಡು ಪರೀಕ್ಷೆ. ಕನ್ನಡಿ ಮುಂದೆ ಆಪರೇಷನ್ ಕಾಲೊಂದರ ಮೇಲೆ ಮೂವತ್ತು ಸೆಕೆಂಡು ಸೊಂಟ ವಾಲದೆ ನಿಲ್ಲಬೇಕು. ಅದೇ ಕಾಲಿನಲ್ಲಿ ಹತ್ತು ಸಲ ಅರ್ಧ ಕುಕ್ಕರಿಸಿ ಏಳುವಾಗ ಮಂಡಿ ಒಳಕ್ಕೆ ಬೀಳಬಾರದು. ಆಮೇಲೆ ಒಂಟಿ ಕಾಲಿನ ನೆಗೆತದ ದೂರ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಬಂದರೆ ತಿರುಗಲು ಅಡ್ಡಿಯಿಲ್ಲ. ಮೇಳದ ಯಜಮಾನರ ಹತ್ತಿರ ಈಗಲೇ ಮಾತಾಡಿ, ಮೊದಲೆರಡು ತಿಂಗಳು ಕುಣಿತ ಹೆಚ್ಚಿರುವ ಪುಂಡುವೇಷ ಬಿಟ್ಟು ಮಾತಿಗೆ ಹೆಚ್ಚು ಜಾಗವಿರುವ ಪಾತ್ರ ಕೇಳಿಕೊಳ್ಳಿ. ಮಳೆಗಾಲದಲ್ಲಿ, ಕುಣಿತವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಗೆ ಕರೆ ಬಂದರೆ ಹೋಗಬಹುದು, ಆದರೆ ಚಕ್ಕಳಮಕ್ಕಳ ಹಾಕಿ ಕೂರಬೇಡಿ. ಕುರ್ಚಿ ಹಾಕಿಸಿ, ಅರ್ಥ ಹೇಳದ ಹೊತ್ತಿನಲ್ಲಿ ಎದ್ದು ಹಿಂದೆ ನಾಲ್ಕು ಹೆಜ್ಜೆ ಓಡಾಡಿ.

ಪ್ರಶ್ನೆ: ಒಳಗಿನ ಆಂಕರ್ ಮುಂದೆ ತೆಗೆಸಬೇಕೇ? ವಿಮಾನ ನಿಲ್ದಾಣದಲ್ಲಿ ಕೂಗುತ್ತದೆಯೇ? — ದುಬೈನಿಂದ ಒಬ್ಬ ಓದುಗರು

ಉತ್ತರ: ಸಾಮಾನ್ಯವಾಗಿ ತೆಗೆಸಬೇಕಿಲ್ಲ. ಈಗ ಹೆಚ್ಚಾಗಿ ಬಳಸುವುದು ದಾರ ಅಥವಾ ಪ್ಲಾಸ್ಟಿಕ್‌ನಂಥ ವಸ್ತುವಿನವು, ಯಂತ್ರ ಕೂಗುವುದಿಲ್ಲ. ಎಂಆರ್‌ಐ ಮಾಡಿಸುವಾಗ ಮಾತ್ರ ಡಿಸ್ಚಾರ್ಜ್ ಚೀಟಿ ತೋರಿಸಿ. ನಿಲ್ದಾಣದಲ್ಲಿ ನಿಮ್ಮನ್ನು ಕಾಡುವುದು ಆಂಕರ್ ಅಲ್ಲ, ಸರದಿ ಸಾಲು. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ನಡೆದಾಡುವ ಕಡೆಯ ಸೀಟು ಹಿಡಿಯಿರಿ.